ವಿಳಾಸ ಬದಲಾದ ಸಭೆ

ತಲೆ ತಗ್ಗಿಸಿ ನಡೆಯಿರಿ, ಮೊಟ್ಟೆ ತೂರಿ ಬರುತ್ತಿವೆ. ಒಂದು ನಿಮ್ಮ ಮುಂದಿನವರ ಕೋಟಿಗೆ ಬಡಿದು ಲೋಳೆ ಇಳಿಯುತ್ತದೆ, ಕಾಲಡಿ ಟೊಮೆಟೊ ಪಿಚಕ್ಕೆನ್ನುತ್ತದೆ. ಪೊಲೀಸರ ಸಾಲಿನಾಚೆ ಕೆಂಪು ಬಾವುಟ, ಕಿವಿಗಡಚಿಕ್ಕುವ ಕೂಗು: ದ್ರೋಹಿಗಳು! 2005ರ ಸೆಪ್ಟೆಂಬರ್ 24, ಇಸ್ತಾಂಬುಲ್. ಬಿಲ್ಗಿ ವಿಶ್ವವಿದ್ಯಾಲಯದ ಬಾಗಿಲಿಗೆ ಇನ್ನು ಹತ್ತಿಪ್ಪತ್ತು ಹೆಜ್ಜೆ.

ನೀವು ಮಾಡಿದ ಅಪರಾಧವಾದರೂ ಏನು? 1915ರ ಗಡೀಪಾರು, ಕಗ್ಗೊಲೆಗಳಲ್ಲಿ ಒಟ್ಟೊಮನ್ ಸಾಮ್ರಾಜ್ಯದ ಅರ್ಮೇನಿಯನ್ನರಿಗೆ ಏನಾಯಿತೆಂದು ತುರ್ಕಿಯ ಪ್ರೊಫೆಸರುಗಳೇ ಮಾತಾಡುತ್ತಾರಂತೆ, ಕೇಳೋಣವೆಂದು ಹೊರಟಿದ್ದೀರಿ. ಅಷ್ಟೆ.

ಸಭೆ ಮೇ ತಿಂಗಳಲ್ಲೇ ಬೊಆಜಿಚಿ ವಿಶ್ವವಿದ್ಯಾಲಯದಲ್ಲಿ ನಡೆಯಬೇಕಿತ್ತು. ಇದು ದೇಶದ ಬೆನ್ನಿಗೆ ಚೂರಿ ಹಾಕುವ ಕೆಲಸ ಎಂದು ನ್ಯಾಯ ಮಂತ್ರಿ ಜೆಮಿಲ್ ಚಿಚೆಕ್ ಸಂಸತ್ತಿನಲ್ಲಿ ಗುಡುಗಿದರು, ವಿಶ್ವವಿದ್ಯಾಲಯ ಮುಂದೂಡಿತು. ಮೊನ್ನೆ ಗುರುವಾರ, ಬೆಳಗಾದರೆ ಆ ಮುಂದೂಡಿದ ಸಭೆ ಎನ್ನುವಾಗ, ವಕೀಲರ ದೂರಿನ ಮೇಲೆ ಕೋರ್ಟಿನ ತಡೆಯಾಜ್ಞೆ. ಮಾತಾಡುವವರ ಅರ್ಹತೆಯೇನು, ಖರ್ಚು ಯಾರದು, ವಿವರ ಕೊಡಿ! ಇತಿಹಾಸ ಕಲಿಸಲು ಯೋಗ್ಯರಾದವರು ಅದನ್ನು ಮಾತಾಡಲು ಯೋಗ್ಯರೋ ಅಲ್ಲವೋ ಎಂದು ಕೋರ್ಟು ವಿಚಾರಿಸುತ್ತಿದೆ.

ಕೈಬಿಡುವುದೇ? ನಡೆಸಿದರೆ ಕೇಸೇ? ಆಜ್ಞೆಯನ್ನು ಸರಿಯಾಗಿ ಓದಿದರೆ ಅದರಲ್ಲಿರುವುದು ಬೊಆಜಿಚಿ, ಸಬಾಂಜಿ ಎಂಬ ಎರಡೇ ವಿಶ್ವವಿದ್ಯಾಲಯಗಳ ಹೆಸರು. ಜೊತೆಗೂಡಿ ಸಭೆ ಕರೆದಿದ್ದ ಬಿಲ್ಗಿಯ ಹೆಸರೇ ಇಲ್ಲ! ತಮಾಷೆಯೆಂದರೆ, ಬೇರೆ ವಿಶ್ವವಿದ್ಯಾಲಯದಲ್ಲಿ ಮಾಡಿಕೊಳ್ಳಬಹುದಲ್ಲ ಎಂದು ದಾರಿ ತೋರಿಸಿದವರಲ್ಲಿ ಚೂರಿಯ ಮಾತಾಡಿದ ಮಂತ್ರಿಯೂ ಇದ್ದಾರೆ. ಅಕ್ಟೋಬರ್ 3ಕ್ಕೆ ಯುರೋಪಿಯನ್ ಒಕ್ಕೂಟದೊಡನೆ ಸದಸ್ಯತ್ವದ ಮಾತುಕತೆ ಶುರು. ಸರ್ಕಾರಕ್ಕೂ ಮರ್ಯಾದೆ ಉಳಿಸಿಕೊಳ್ಳಬೇಕಿದೆ.

ಬಾಗಿಲು. ತಪಾಸಣೆ. ಬ್ಯಾಗು ತೆರೆಯಿರಿ, ಕೈ ಎತ್ತಿ. ಒಳಗೆ! ಕುರ್ಚಿ ಸಿಕ್ಕಮೇಲೂ ಮೊಣಕಾಲ ನಡುಕ ನಿಂತಿಲ್ಲ. ಪಕ್ಕದವರ ಕೋಟಿನಿಂದ ಹಸಿಮೊಟ್ಟೆಯ ವಾಸನೆ. ಅವರು ಕರವಸ್ತ್ರದಿಂದ ಒರೆಸುತ್ತಲೇ ಇದ್ದಾರೆ, ಒರೆಸಿದಷ್ಟೂ ಹರಡುತ್ತಿದೆ.

ಸಭೆಯಲ್ಲಿ 'ಆಗೋಸ್' ಪತ್ರಿಕೆಯ ಸಂಪಾದಕ ಹ್ರಾಂತ್ ದಿಂಕ್ ಮಾತಾಡುತ್ತಾರೆ. ಇದೇ ದೇಶದ ಅರ್ಮೇನಿಯನ್. ಫ್ರಾನ್ಸಿನಿಂದ ಸಿವಾಸ್ ಕಡೆಯ ತನ್ನೂರಿಗೆ ಬಂದು ಅಲ್ಲೇ ಕೊನೆಯುಸಿರೆಳೆದ ಒಬ್ಬ ಅರ್ಮೇನಿಯನ್ ಮುದುಕಿಯ ಕಥೆ ಹೇಳುತ್ತಾರೆ. ಹೌದು, ಈ ಮಣ್ಣಿನ ಮೇಲೆ ನಮಗೆ ಕಣ್ಣಿದೆ, ಆದರೆ ಹೊತ್ತೊಯ್ಯಲಿಕ್ಕಲ್ಲ, ಇದರಡಿ ಮಣ್ಣಾಗಲಿಕ್ಕೆ ಎನ್ನುತ್ತಾರೆ. ನಿಮ್ಮ ಗಂಟಲು ಕಟ್ಟುತ್ತದೆ. ತುರ್ಕಿತನಕ್ಕೆ ಅವಮಾನ ಮಾಡಿದರೆಂಬ ಮೊಕದ್ದಮೆ ಅವರ ಮೇಲೆ ಆಗಲೇ ನಡೆಯುತ್ತಿದೆ. ಎರಡು ವಾರದೊಳಗೆ ತೀರ್ಪು ಬರುತ್ತದೆ: ಅಮಾನತಿನಲ್ಲಿಟ್ಟ ಆರು ತಿಂಗಳ ಸಜೆ.