ಗರ್ಭಿಣೀಪತಿಯ ಗಡ್ಡ

ಮನೆಯಲ್ಲಿ ಸೊಸೆ ಬಸುರಿಯಾದಳೆಂದರೆ ಉಪದೇಶಕ್ಕೆ ಬರವಿಲ್ಲ. ಪರಂಗಿಹಣ್ಣು ಕೂಡದು, ಎಳ್ಳು ಕೂಡದು, ಗ್ರಹಣದ ಹೊತ್ತಿನಲ್ಲಿ ಹೊರಗೆ ಕಾಲಿಡಕೂಡದು, ಮುಸ್ಸಂಜೆಯಲ್ಲಿ ಹೊಸಲಿನ ಮೇಲೆ ಕೂರಕೂಡದು. ಪಕ್ಕದ ಮನೆಯವರು ಹಾಲಿಗೆ ಕೇಸರಿ ಹಾಕಿ ಕೊಡಿ ಎಂದರೆ ಎದುರು ಮನೆಯವರು ಅದು ಉಷ್ಣ, ಬೇಡ ಎನ್ನುತ್ತಾರೆ. ಇಷ್ಟು ಮಂದಿ ಇಷ್ಟೆಲ್ಲ ಹೇಳುವಾಗ, ಆ ಹುಡುಗಿಯ ಗಂಡನೆಂಬ ಪ್ರಾಣಿಯೊಂದು ಅದೇ ಮನೆಯಲ್ಲಿದೆಯೆಂಬುದು ಯಾರಿಗೂ ನೆನಪಾಗುವುದಿಲ್ಲ. ಅವನು ಎಲ್ಲಿ ಮಲಗಬೇಕು, ಹೆಂಡತಿಯ ಹತ್ತಿರ ಹೋಗಬಹುದೆ, ಬಾರದೆ? ಅವನು ಕೇಳುವುದಿಲ್ಲ, ತಿಳಿದವರು ಹೇಳುವುದಿಲ್ಲ. ನಾನೀಗ ಬರೆಯಹೊರಟಿರುವುದು ಆ ಪ್ರಾಣಿಯನ್ನು ಕುರಿತು. ಎಪ್ಪತ್ತು ದಾಟಿದವನಿಗೆ ಇದೇನು ಚಪಲ ಎಂದು ಹುಬ್ಬೇರಿಸುವವರು ಮುಂದಿನ ಪುಟಕ್ಕೆ ಹೋಗಬಹುದು, ನನಗೆ ಬೇಸರವಿಲ್ಲ.

ನನ್ನ ಮದುವೆಯಾದದ್ದು 1978ರಲ್ಲಿ. ಹನುಮಂತನಗರದ ಒಂದು ವಠಾರ. ಒಂದು ನಡುಮನೆ, ಒಂದು ಅಡಿಗೆಮನೆ, ಒಂದು ಕೋಣೆ. ನಡುಮನೆಯಲ್ಲಿ ಅಮ್ಮ ಮತ್ತು ತಂಗಿ. ಕೋಣೆ ನಮ್ಮ ಪಾಲಿಗೆ. ಕೋಣೆಯ ಚಿಲಕವೋ, ಹಾಕಿದರೆ ವಠಾರದ ಏಳು ಮನೆಗಳಿಗೂ ಕೇಳಿಸುವಂಥದು. ಅದಕ್ಕೆ ಆಗಾಗ ಗುಟ್ಟಾಗಿ ಕೊಬ್ಬರಿ ಎಣ್ಣೆ ಬಿಡುತ್ತಿದ್ದೆ. ಅಮ್ಮ ಒಂದು ದಿನ, "ಎಣ್ಣೆ ಬಾಟಲಿ ಇಷ್ಟು ಬೇಗ ಹೇಗೆ ಖಾಲಿಯಾಯಿತೋ?" ಎಂದಾಗ ನಾನು ತಲೆಗೂದಲನ್ನು ಸವರಿಕೊಂಡೆ.

ಮರುವರ್ಷ ನನ್ನಾಕೆ ಗರ್ಭಿಣಿಯಾದಳು. ಮೂರನೆಯ ತಿಂಗಳು ಒಂದು ದಿನ ಬೆಳಗಿನ ಜಾವ ನನ್ನನ್ನು ತಟ್ಟಿ ಎಬ್ಬಿಸಿದಳು. ಹಾಸಿಗೆಯ ಮೇಲೆ ನೆತ್ತರು. ಆಟೋ ಸಿಕ್ಕುವ ಹೊತ್ತಿಗೆ ಬೆಳಕು ಹರಿದಿತ್ತು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೀಗೇಕಾಯಿತೆಂದು ಆಸ್ಪತ್ರೆಯಲ್ಲಿ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮನೆಯಲ್ಲಿ ಮಾತ್ರ ಕಾರಣಗಳಿಗೆ ಕೊರತೆಯಾಗಲಿಲ್ಲ. ಅಮ್ಮ ದೃಷ್ಟಿಯಾಯಿತೆಂದರು. ಅತ್ತೆ ಕೊಡಪಾನ ಎತ್ತಿಸಿದ್ದರಿಂದ ಎಂದು ಯಾರಿಗೂ ತಾಗದ ಹಾಗೆ, ಆದರೆ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು. ನನ್ನ ಬಳಿಯೂ ಒಂದು ಕಾರಣವಿತ್ತು. ಹಿಂದಿನ ರಾತ್ರಿ ನಾವು ಚಿಲಕ ಹಾಕಿಕೊಂಡಿದ್ದೆವು. ಅದನ್ನು ನಾನು ಯಾರಿಗೂ ಹೇಳಲಿಲ್ಲ, ಅವಳಿಗೂ.

1981ರಲ್ಲಿ ಮತ್ತೆ ದಿನ ನಿಂತಾಗ ನಾನು ಮಾಡಿದ ಮೊದಲನೆಯ ಕೆಲಸವೆಂದರೆ ಹಾಸಿಗೆ ಸುತ್ತಿಕೊಂಡು ನಡುಮನೆಗೆ ಬಂದದ್ದು. ಬ್ಯಾಂಕಿನ ಸಿ.ಎ.ಐ.ಐ.ಬಿ. ಪರೀಕ್ಷೆಗೆ ರಾತ್ರಿ ಓದಬೇಕು, ದೀಪ ಉರಿದರೆ ಅವಳಿಗೆ ನಿದ್ದೆಗೆಡುತ್ತದೆ ಎಂಬ ನೆಪ. ತಂಗಿಯನ್ನು ಕೋಣೆಗೆ ಕಳಿಸಿದೆ. ಅಮ್ಮನಿಗೆ ಮಗನ ವಿವೇಕ ಕಂಡು ಸಂತೋಷ. ಆ ದಿನಗಳಲ್ಲಿ ಬಂದಿದ್ದ ಸೋದರಮಾವ, ಏಳನೆಯ ತಿಂಗಳಾದ ಮೇಲೆ ಗರ್ಭಿಣೀಪತಿಯಾದವನು ಕ್ಷೌರ, ತೀರ್ಥಯಾತ್ರೆ, ಸ್ತ್ರೀಸಂಗ ಇವುಗಳನ್ನು ಬಿಡಬೇಕೆಂದು ಶಾಸ್ತ್ರ ಹೇಳಿದರು. ನಾನು ಮೂರನೆಯ ತಿಂಗಳಿಗೇ ಗಡ್ಡ ಬಿಟ್ಟೆ. ಕ್ಷೌರಕ್ಕೂ ಸಂಸಾರಕ್ಕೂ ಒಂದೇ ಪಟ್ಟಿಯಲ್ಲಿ ಜಾಗ ಕೊಟ್ಟವರ ತರ್ಕ ನನಗೆ ಇಂದಿಗೂ ತಿಳಿದಿಲ್ಲ. ಆದರೆ ಹೆದರಿದವನಿಗೆ ತರ್ಕ ಬೇಕಿಲ್ಲ, ನಿಯಮ ಸಾಕು. ಬ್ಯಾಂಕಿನಲ್ಲಿ ಕ್ಯಾಷಿಯರು ನನ್ನನ್ನು ಸ್ವಾಮಿಗಳೇ ಎಂದು ಕರೆಯತೊಡಗಿದ.

ನಾಲ್ಕು ತಿಂಗಳು ತುಂಬಿ ವಾಂತಿ ನಿಂತ ಮೇಲೆ ಅವಳ ಮುಖಕ್ಕೆ ಕಳೆ ಬಂತು. ರಾತ್ರಿ ಎಲ್ಲರೂ ಮಲಗಿದ ಮೇಲೆ ನೀರು ಕುಡಿಯುವ ನೆಪದಲ್ಲಿ ನಡುಮನೆಗೆ ಬಂದು ನನ್ನ ಪುಸ್ತಕದ ಪಕ್ಕದಲ್ಲಿ ಕೂರುವಳು. ನಾನು ಪುಟ ತಿರುವುವೆನು. ಒಂದು ರಾತ್ರಿ ಮೆಲ್ಲಗೆ ಕೇಳಿದಳು:

"ರೀ, ಪರೀಕ್ಷೆ ಮುಗಿದು ಹದಿನೈದು ದಿನ ಆಯ್ತಲ್ಲ?"

ಹೌದು, ಮುಗಿದಿತ್ತು. ನಾನು ಉತ್ತರ ಹುಡುಕುತ್ತಿರುವಾಗ ಅವಳೇ ಮತ್ತೆ, "ನನ್ನನ್ನು ಹೀಗೆ ನೋಡಿದರೆ ನಿಮಗೆ ಅಸಹ್ಯವಾಗುತ್ತಾ?" ಎಂದಳು.

"ಛೆ" ಎಂದೆ. ಅದರಾಚೆಗೆ ಮಾತು ಹೊರಡಲಿಲ್ಲ. ಅವಳು ಎದ್ದು ಹೋದಳು. ಕೋಣೆಯ ಬಾಗಿಲು ಮುಚ್ಚಿತು. ಚಿಲಕದ ಸದ್ದು ಬರಲಿಲ್ಲ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಕೇಳುವುದಾದರೂ ಯಾರನ್ನು? ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನರ ‘ದಾಂಪತ್ಯ ದೀಪಿಕೆ’ ಪುಸ್ತಕದ ಅಂಗಡಿಯಲ್ಲಿ ಕಾಣುತ್ತಿತ್ತು. ಅಂಗಡಿಯವನು ಪರಿಚಯದವನಾದ್ದರಿಂದ ಕೊಳ್ಳಲು ಧೈರ್ಯವಾಗಲಿಲ್ಲ. ಕಡೆಗೆ ಆ ತಿಂಗಳ ಪರೀಕ್ಷೆಗೆ ಲೇಡಿ ಡಾಕ್ಟರ ಬಳಿ ಹೋದಾಗ, ಬಾಯಲ್ಲಿ ಹೇಳಲಾರದೆ, ಬ್ಯಾಂಕಿನ ಚಲನ್ನಿನ ಹಿಂಬದಿಯಲ್ಲಿ ಬರೆದು ಮಡಿಸಿದ ಚೀಟಿಯೊಂದನ್ನು ಮೇಜಿನ ಮೇಲೆ ಸರಿಸಿದೆ. ಆಕೆ ಐವತ್ತೈದು ದಾಟಿದ ಹೆಂಗಸು. ಓದಿದರು. ಕನ್ನಡಕ ತೆಗೆದು ನನ್ನ ಗಡ್ಡವನ್ನು ನೋಡಿದರು. ಆಮೇಲೆ ಚೀಟಿಯನ್ನು ನನ್ನಾಕೆಯ ಕೈಗೆ ಕೊಟ್ಟು, "ಓದಮ್ಮಾ. ಇದು ನಿನಗೆ ಬರೆಯಬೇಕಾಗಿದ್ದ ಕಾಗದ" ಎಂದರು.

ಚೀಟಿಯಲ್ಲಿದ್ದದ್ದು ಇಷ್ಟೆ: ‘ಹೋದ ಸಲ ಹಿಂದಿನ ರಾತ್ರಿ ಸೇರಿದ್ದೆವು. ನನ್ನಿಂದಲೇ ಮಗು ಹೋಯಿತೆ?’

"ಅಲ್ಲ" ಎಂದರು ಡಾಕ್ಟರು. ಆರೋಗ್ಯವಾಗಿರುವ ಬಸಿರು ಗಂಡಹೆಂಡಿರು ಕೂಡಿದ್ದರಿಂದ ಹಾಳಾಗುವುದಿಲ್ಲ; ಮೊದಲ ತಿಂಗಳುಗಳಲ್ಲಿ ಜಾರುವ ಪಿಂಡಗಳಲ್ಲಿ ಬಹಳಷ್ಟು ಮೊದಲಿಗೇ ಸರಿಯಾಗಿ ಕಟ್ಟಿಕೊಂಡಿರುವುದಿಲ್ಲ, ಅದು ಯಾರ ತಪ್ಪೂ ಅಲ್ಲ, ಎಂದು ವಿವರಿಸಿದರು. ಆ ಮೊದಲ ಮೂರು ತಿಂಗಳ ಗರ್ಭಸ್ರಾವಗಳಲ್ಲಿ ಸುಮಾರು ಅರ್ಧಕ್ಕಾದರೂ ವರ್ಣತಂತುಗಳ ದೋಷವೇ ಕಾರಣವೆಂದು ನಾನು ಮುಂದೆ ಓದಿ ತಿಳಿದೆ. ಮಗು ನೀರಿನ ಚೀಲದೊಳಗಿರುತ್ತದೆ, ಸುತ್ತ ಗರ್ಭಕೋಶದ ದಪ್ಪ ಸ್ನಾಯುವಿನ ಗೋಡೆ, ಬಾಯಿಗೆ ಲೋಳೆಯ ಬಿರಡೆ. ನಿಮ್ಮ ಚಿಲಕಕ್ಕಿಂತ ಅದು ಭದ್ರ ಎಂದು ಡಾಕ್ಟರು ಹೇಳಲಿಲ್ಲ, ನನಗೇ ಹಾಗೆನಿಸಿತು. ಸೇರಿದ ಮೇಲೆ ಹೊಟ್ಟೆ ಸ್ವಲ್ಪ ಹೊತ್ತು ಬಿಗಿದುಕೊಂಡರೆ ಗಾಬರಿ ಬೇಡ, ತಾನೇ ಸಡಿಲವಾಗುತ್ತದೆ. ಹೊಟ್ಟೆ ಬೆಳೆದಂತೆ ಅದರ ಮೇಲೆ ಭಾರ ಬೀಳದ ಹಾಗೆ, ಮಗ್ಗುಲಾಗಿ ಇರಬಹುದು. ಆದರೆ ನೆತ್ತರು ಕಂಡರೆ, ನೀರು ಸೋರಿದರೆ, ದಿನ ತುಂಬುವ ಮುಂಚೆಯೇ ನೋವು ಬಂದರೆ, ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂತಿದೆಯೆಂದೋ ಬಾಯಿ ಸಡಿಲವಾಗಿದೆಯೆಂದೋ ಗೊತ್ತಾದರೆ ದೂರವಿದ್ದು ತಮ್ಮ ಬಳಿಗೆ ಬರಬೇಕು ಎಂದರು. ಇಂದು ಮಾಸು ಎಲ್ಲಿದೆಯೆಂಬುದನ್ನು ಸ್ಕ್ಯಾನಿನಲ್ಲಿ ಮೊದಲೇ ನೋಡಿಬಿಡುತ್ತಾರೆ. ಆಗ ನಮ್ಮಂಥವರಿಗೆ ಆ ಸೌಕರ್ಯವಿರಲಿಲ್ಲ.

ಕೊನೆಗೆ ಡಾಕ್ಟರು ನನ್ನ ಕಡೆ ತಿರುಗಿದರು. "ಇದು ಅಪ್ಪಣೆಯಲ್ಲ ನೋಡಿ, ಕಟ್ಟಳೆಯೂ ಅಲ್ಲ. ಇವಳಿಗೆ ಇಷ್ಟವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ವಾಂತಿ ಸುಸ್ತಿನ ದಿನಗಳಲ್ಲಿ ಮನಸ್ಸು ಬರುವುದಿಲ್ಲ, ನಡುವಿನ ತಿಂಗಳುಗಳಲ್ಲಿ ಬರಬಹುದು, ಕಡೆಗೆ ಮತ್ತೆ ಬೇಡವೆನಿಸಬಹುದು. ಬೇಡವೆಂದ ದಿನ ಕಾಲಾದರೂ ಒತ್ತಿ. ನಡುಮನೆಗೆ ಓಡಬೇಡಿ."

ಹಿಂತಿರುಗುವಾಗ ಆಟೋದಲ್ಲಿ ಅವಳು ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಅತ್ತಳು. ರಾಮಕೃಷ್ಣ ಆಶ್ರಮದ ವೃತ್ತ ದಾಟಿದ ಮೇಲೆ, "ಎರಡು ವರ್ಷ ಇದನ್ನು ಒಬ್ಬರೇ ಇಟ್ಟುಕೊಂಡಿದ್ದಿರಾ?" ಎಂದಳು. ಇನ್ನಷ್ಟು ದೂರ ಹೋದ ಮೇಲೆ, "ನಾನೂ ಹಾಗೇ ಅಂದುಕೊಂಡಿದ್ದೆ. ನನ್ನಿಂದಾಯಿತು ಅಂತ" ಎಂದಳು. ಆ ಸಂಜೆ ನಾನು ಕ್ಷೌರ ಮಾಡಿಸಿಕೊಂಡೆ. ಅಮ್ಮ ಮುಖ ಗಂಟಿಕ್ಕಿದರು. ಆದರೆ ಮಲಗುವ ಹೊತ್ತಿಗೆ ತಂಗಿಯ ಹಾಸಿಗೆಯನ್ನು ತಾವೇ ನಡುಮನೆಗೆ ತಂದು ಹಾಸಿದರು. ಅಮ್ಮಂದಿರಿಗೆ ಎಷ್ಟು ತಿಳಿದಿರುತ್ತದೆಯೆಂಬುದು ಗಂಡುಮಕ್ಕಳಿಗೆ ತಿಳಿಯುವುದಿಲ್ಲ. ಏಳರಲ್ಲಿ ಸೀಮಂತವಾಗಿ ಅವಳು ಮಂಡ್ಯಕ್ಕೆ ತವರಿಗೆ ಹೊರಡುವವರೆಗೆ ನಮಗೆ ದೊರೆತದ್ದು ಎರಡೇ ತಿಂಗಳು. ಮಗ ದಿನ ತುಂಬಿಯೇ ಹುಟ್ಟಿದ.

ಕಾಲ ಬದಲಾಗಿದೆಯೆಂದುಕೊಂಡಿದ್ದೆ. 2017ರಲ್ಲಿ ಆಯುಷ್ ಸಚಿವಾಲಯದ ಕಿರುಹೊತ್ತಿಗೆಯೊಂದು, ಬಸುರಿಯರು ಕಾಮ, ಕ್ರೋಧ ಮೊದಲಾದವುಗಳಿಂದ ದೂರವಿರಬೇಕೆಂದು ಬರೆದು ಪತ್ರಿಕೆಗಳಲ್ಲಿ ಗದ್ದಲವಾದಾಗ ನನ್ನ ಸೋದರಮಾವನ ನೆನಪಾಗಿತ್ತು. ಕೋಪ ಬಿಡುವುದು ಸುಲಭವೆಂದುಕೊಂಡವರು ಬಸುರಿಯೊಡನೆ ಸಂಸಾರ ಮಾಡಿರಲಾರರು.

ಹೋದ ವರ್ಷ ನಮ್ಮ ಎರಡನೆಯ ಮಗ ನಾಲ್ಕು ತಿಂಗಳ ಬಸುರಿ ಹೆಂಡತಿಯನ್ನು ಕರೆದುಕೊಂಡು ಪುಣೆಯಿಂದ ಬಂದಿದ್ದ. ಈಗಿನದು ಮೂರು ಕೋಣೆಗಳ ಮನೆ. ಚಿಲಕಗಳು ಸದ್ದು ಮಾಡುವುದಿಲ್ಲ. ಮಗ ಎರಡು ರಾತ್ರಿ ಹಾಲಿನಲ್ಲಿ ಸೋಫಾದ ಮೇಲೆ ಮಲಗಿದ. ಅಮೆರಿಕದವರ ಜೊತೆ ಮೀಟಿಂಗು, ಅವಳಿಗೆ ನಿದ್ದೆಗೆಡುತ್ತದೆ ಎಂದ. ಮೂರನೆಯ ದಿನ ಬೆಳಗ್ಗೆ ಅವನನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ ಬಂಡೆಯ ಮೇಲೆ ಕೂತು ಚಲನ್ನಿನ ಚೀಟಿಯ ಕಥೆಯನ್ನು ಹೇಳಿದೆ. ಅವನು ಶೂಸಿನ ದಾರವನ್ನು ಬಿಚ್ಚಿ ಕಟ್ಟುತ್ತ ಕೇಳಿದ. "ಅಣ್ಣಾ, ನೀವೂನಾ?" ಎಂದ. ಇಳಿದು ಬರುವಾಗ, ಅವರಿಗೂ ಹಿಂದೊಮ್ಮೆ ಹಾಗಾಗಿತ್ತೆಂದೂ ನಮಗೆ ಹೇಳಿರಲಿಲ್ಲವೆಂದೂ ಹೇಳಿದ.

ಮರುದಿನ ಬೆಳಗ್ಗೆ ಸೋಫಾ ಖಾಲಿಯಾಗಿತ್ತು. ನನ್ನಾಕೆ ಕಾಫಿ ಲೋಟ ಹಿಡಿದು ಸೋಫಾವನ್ನೂ ನನ್ನನ್ನೂ ನೋಡಿ, "ನೆನ್ನೆ ಅಪ್ಪ ಮಗ ಅಷ್ಟು ಹೊತ್ತು ಏನು ಮಾತಾಡಿದಿರಿ?" ಎಂದಳು.

"ಗಡ್ಡದ ವಿಷಯ" ಎಂದೆ.