ಅಂಜಿಕೆ ಅರಿಯದ ದ್ವೀಪ

ದ್ವೀಪಕ್ಕೆ ಕಾಲಿಡುವ ಮೊದಲು ಚಪ್ಪಲಿ ತೊಳೆಯಬೇಕು. ಇದು ದೇವಸ್ಥಾನದ ಮಡಿಯಲ್ಲ, ಗಲಾಪಗೋಸ್ ದ್ವೀಪಸಮೂಹದ ಫರ್ನಾಂಡಿನಾಕ್ಕೆ ಬರುವ ಪ್ರವಾಸಿಗರು ಪಾಲಿಸಬೇಕಾದ ಮಡಿ. ಹಿಂದಿನ ದ್ವೀಪದ ಒಂದು ಬೀಜವೂ ಅಟ್ಟೆಗೆ ಅಂಟಿಕೊಂಡು ಇಲ್ಲಿಗೆ ಬರಕೂಡದು.

ಈಕ್ವೆಡಾರ್ ದೇಶದ ಕರಾವಳಿಯಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ, ಪೆಸಿಫಿಕ್ ಸಾಗರದ ನಡುವೆ ಇರುವ ಈ ದ್ವೀಪವೆಂದರೆ ಒಂದೇ ಒಂದು ಜ್ವಾಲಾಮುಖಿ. ಎತ್ತರ ಸುಮಾರು 1,500 ಮೀಟರ್. 1968ರಲ್ಲಿ ಅದರ ಬಾಯಿಯ ತಳ ಸುಮಾರು 300 ಮೀಟರ್ ಕುಸಿದುಹೋಯಿತು. 2024ರ ಮಾರ್ಚಿನಲ್ಲಿ ಅದು ಮತ್ತೆ ಬೆಂಕಿ ಉಗುಳಿತು. ಇಲ್ಲಿ ಮನುಷ್ಯರ ವಾಸವಿಲ್ಲ. ಪ್ರವಾಸಿಗರು ಇಳಿಯಬಹುದಾದ ನೆಲವೆಂದರೆ ಪುಂಟಾ ಎಸ್ಪಿನೋಸಾ ಎಂಬ ಒಂದು ಪುಟ್ಟ ಚಾಚು ಮಾತ್ರ.

ಬೆಳಗಿನ ಹೊತ್ತು ದೋಣಿಯಿಂದಿಳಿದವನಿಗೆ ಮೊದಲು ಕಾಣುವುದು ಬರಿಯ ಕರಿಬಂಡೆ. ಕಣ್ಣು ಹೊಂದಿಕೊಂಡ ಮೇಲೆ ಬಂಡೆಯೇ ಸೀನಿದಂತಾಗುತ್ತದೆ! ನೋಡಿದರೆ ನೂರಾರು ಕಡಲ ಇಗ್ವಾನಾಗಳು ಒಂದರ ಮೇಲೊಂದು ಬಿದ್ದುಕೊಂಡು ಬಿಸಿಲು ಕಾಯಿಸುತ್ತಿವೆ. ಉಡದಂತೆ ಕಾಣುವ ಇವು ಸಮುದ್ರಕ್ಕಿಳಿದು ಪಾಚಿ ಮೇಯುತ್ತವೆ. ಮೈಗೆ ಸೇರಿದ ಹೆಚ್ಚಿನ ಉಪ್ಪನ್ನು ಮೂಗಿನಿಂದ ಚಿಮ್ಮಿಸುತ್ತವೆ. ತಣ್ಣೀರಿನಲ್ಲಿ ಮೈ ಆರಿದ್ದರಿಂದ ಮತ್ತೆ ಕಾಯಿಸಿಕೊಳ್ಳಲೇಬೇಕು. ಮನುಷ್ಯ ಬಂದನೆಂದು ಒಂದೂ ಕದಲುವುದಿಲ್ಲ. ಎರಡು ಮೀಟರ್ ದೂರವಿರಬೇಕೆಂಬ ನಿಯಮವಿದೆ, ಆದರೆ ಅದನ್ನು ಪಾಲಿಸುವ ಹೊಣೆ ಪ್ರವಾಸಿಗರದು. ಪ್ರಾಣಿಗಳಿಗೆ ಅದು ಗೊತ್ತಿಲ್ಲ.

ನೀರಂಚಿನಲ್ಲಿ ನೀರುಕಾಗೆಯೊಂದು ಈಜು ಮುಗಿಸಿ ಬಂದು ರೆಕ್ಕೆ ಒಣಗಿಸುತ್ತದೆ. ರೆಕ್ಕೆಯೆಂದರೆ ಹರಿದ ಬಟ್ಟೆಯ ಚೂರಿನಂಥವು. ಈ ಜಾತಿಗೆ ಹಾರಾಟವೇ ಇಲ್ಲ. ನೆಲದ ಮೇಲೆ ಅಟ್ಟಿಸಿಕೊಂಡು ಬರುವ ಶತ್ರುವಿರಲಿಲ್ಲ, ಮೀನು ದಡದಲ್ಲೇ ಸಿಗುತ್ತಿತ್ತು. ತಲೆಮಾರುಗಳು ಉರುಳಿದಂತೆ ರೆಕ್ಕೆ ಮೊಟಕಾಯಿತು. ಪ್ರಪಂಚದಲ್ಲಿ ಈ ಹಕ್ಕಿ ಇರುವುದು ಇಲ್ಲಿ ಮತ್ತು ಪಕ್ಕದ ಇಸಬೆಲಾ ದ್ವೀಪದಲ್ಲಿ ಮಾತ್ರ. ಗಂಡು ಕೊಕ್ಕಿನಲ್ಲಿ ಕಡಲಪಾಚಿ ಕಚ್ಚಿ ತಂದು ಗೂಡಿನಲ್ಲಿರುವ ಹೆಣ್ಣಿಗೆ ಒಪ್ಪಿಸುತ್ತದೆ. ತವರಿಗೆ ಬಂದ ಅಳಿಯನ ಸಂಭ್ರಮ!

ಅಂಜಿಕೆಯೇ ಇಲ್ಲದ ಈ ಬದುಕು ಎಷ್ಟು ಚೆಂದವೋ ಅಷ್ಟೇ ಅಪಾಯದ್ದು. ಇಲಿ, ಬೆಕ್ಕು ಒಮ್ಮೆ ಹೊಕ್ಕರೆ ಹಾರಲಾರದ ಹಕ್ಕಿ ಎಲ್ಲಿಗೆ ಓಡೀತು? ಕೆಲವೇ ಕಿಲೋಮೀಟರ್ ಆಚೆಯ ಇಸಬೆಲಾದಲ್ಲಿ ಮನುಷ್ಯ ತಂದ ಮೇಕೆಗಳು ಒಂದು ಲಕ್ಷದಷ್ಟಾಗಿ ಆಮೆಗಳ ಮೇವನ್ನು ಬರಿದುಮಾಡಿದವು. ಅದರ ಉತ್ತರ ಭಾಗದಿಂದ ಅವನ್ನು ನಿರ್ಮೂಲ ಮಾಡುವಾಗ 2006 ಬಂದಿತ್ತು. ಫರ್ನಾಂಡಿನಾಕ್ಕೆ ಮಾತ್ರ ಹೊರಗಿನ ಸಸ್ತನಿಗಳು ಹೊಕ್ಕಿಲ್ಲ.

ಆದರೂ ಈ ದ್ವೀಪಕ್ಕೆ ಒಂದು ನೋವಿದೆ. 1906ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನ ತಂಡಕ್ಕೆ ಇಲ್ಲಿ ಒಂದು ಗಂಡಾಮೆ ಸಿಕ್ಕಿತು. ಅದು ವಸ್ತುಸಂಗ್ರಹಾಲಯ ಸೇರಿತು. ಆಮೇಲೆ ನೂರು ವರ್ಷ ಯಾರಿಗೂ ಇನ್ನೊಂದು ಸಿಗಲಿಲ್ಲ. ಈ ಆಮೆಯ ಕಥೆ ಮುಗಿಯಿತೆಂದೇ ಹಲವರು ಭಾವಿಸಿದ್ದರು. 2019ರ ಫೆಬ್ರವರಿಯಲ್ಲಿ, ಲಾವಾದ ನಡುವಿನ ಒಂದಿಷ್ಟು ಹಸಿರಿನಲ್ಲಿ, ಒಂದು ಮುದಿ ಹೆಣ್ಣಾಮೆ ಕಂಡಿತು. ಫರ್ನಾಂಡಾ ಎಂದು ಹೆಸರಿಟ್ಟರು. ಅವಳು ಅದೇ ಕುಲದವಳೆಂದು 2021ರಲ್ಲಿ ವಂಶವಾಹಿ ಪರೀಕ್ಷೆಯಿಂದ ಖಚಿತವಾಯಿತು. ಅವಳನ್ನು ಸಾಂತಾ ಕ್ರೂಸ್ ದ್ವೀಪದ ಪಾಲನಾ ಕೇಂದ್ರಕ್ಕೆ ಕರೆದೊಯ್ದರು. ಅವಳಿಗೊಂದು ಜೊತೆಗಾಗಿ ಸಂಶೋಧಕರು ಮತ್ತೆ ಲಾವಾ ತುಳಿದಿದ್ದಾರೆ.

ಸಂಜೆ ಆರರೊಳಗೆ ದ್ವೀಪ ಖಾಲಿಯಾಗಬೇಕು. ದೋಣಿ ಹತ್ತುವವನು ಹಿಂತಿರುಗಿ ನೋಡಿದರೆ ಕರಿಬಂಡೆಯ ಮೇಲೆ ಇಗ್ವಾನಾಗಳು ರಾತ್ರಿಯ ಚಳಿಗೆ ಒತ್ತಿಕೊಂಡು ಮಲಗಿರುತ್ತವೆ. ಮೇಲೆ, ಪ್ರವಾಸಿಗರಿಗೆ ಪ್ರವೇಶವಿಲ್ಲದ ಇಳಿಜಾರಿನಲ್ಲಿ, ಎಲ್ಲಾದರೂ ಒಂದು ಗಂಡಾಮೆ ಕಳ್ಳಿಯ ಎಲೆ ಮೆಲ್ಲುತ್ತಿರಬಹುದು. ಇಲ್ಲದೆಯೂ ಇರಬಹುದು. ದೋಣಿಯಲ್ಲಿ ಕುಳಿತವನು ಚಪ್ಪಲಿ ಬಿಚ್ಚಿ ಮತ್ತೆ ತೊಳೆಯುತ್ತಾನೆ. ನಾಳೆ ಇನ್ನೊಂದು ದ್ವೀಪವಿದೆ.