ಹಿಮಾಲಯ ಕಾಣದ ಹಂಬೋಲ್ಟ್

ಬೆಟ್ಟ ಹತ್ತಲು ಏನೇನು ಬೇಕು? ಗಟ್ಟಿ ಕಾಲು, ಗಟ್ಟಿ ಗುಂಡಿಗೆ, ಬೆಚ್ಚನೆಯ ಬಟ್ಟೆ, ಒಂದಿಷ್ಟು ಬುತ್ತಿ. ಬೆಟ್ಟ ಪರರಾಜ್ಯದಲ್ಲಿದ್ದರೆ ಇನ್ನೊಂದು ಬೇಕು: ಮೊಹರು ಬಿದ್ದ ರಹದಾರಿ ಪತ್ರ. ಆ ಪತ್ರ ಒಮ್ಮೆ ಸಲೀಸಾಗಿ ಸಿಕ್ಕಿ, ಮತ್ತೊಮ್ಮೆ ವರ್ಷಗಟ್ಟಲೆ ಅಲೆದರೂ ಸಿಗದೆ ಹೋದ ವಿಜ್ಞಾನಿಯೊಬ್ಬನ ಕಥೆ ಇದು.

ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಹುಟ್ಟಿದ್ದು 1769ರಲ್ಲಿ, ಬರ್ಲಿನ್ನಿನಲ್ಲಿ. ಪ್ರಷ್ಯಾ ಸರ್ಕಾರದಲ್ಲಿ ಗಣಿ ಅಧಿಕಾರಿ. 1796ರಲ್ಲಿ ತಾಯಿ ತೀರಿಕೊಂಡಾಗ ದೊಡ್ಡ ಆಸ್ತಿ ಕೈಗೆ ಬಂತು. ಬೇರೆಯವರಾಗಿದ್ದರೆ ಮನೆ ಕಟ್ಟಿಸುತ್ತಿದ್ದರೇನೋ! ಹಂಬೋಲ್ಟ್ ಕೆಲಸಕ್ಕೆ ರಾಜೀನಾಮೆ ಕೊಟ್ಟು, ವಾಯುಭಾರಮಾಪಕ, ಉಷ್ಣಮಾಪಕ, ದೂರದರ್ಶಕಗಳನ್ನು ಕೊಂಡ. ದೂರದ ನಾಡುಗಳ ಪ್ರಕೃತಿಯನ್ನು ಅಳೆದು ನೋಡುವುದು ಅವನ ಹಂಬಲ. ಆದರೆ ಯುರೋಪಿನಲ್ಲಿ ಆಗ ಯುದ್ಧದ ಕಾಲ. ಅವನು ಸೇರಬೇಕಿದ್ದ ಫ್ರೆಂಚ್ ನೌಕಾಯಾತ್ರೆ ಮುಂದಕ್ಕೆ ಹೋಯಿತು. ಈಜಿಪ್ಟಿಗೆ ಹೋಗುವ ಯೋಚನೆಯೂ ಕೈಗೂಡಲಿಲ್ಲ. ಕೊನೆಗೆ ಸಸ್ಯವಿಜ್ಞಾನಿ ಬೋನ್‌ಪ್ಲಾನ್ ಜೊತೆಗೂಡಿ ಸ್ಪೇನಿನ ರಾಜಧಾನಿ ಮ್ಯಾಡ್ರಿಡ್ ಸೇರಿದ.

ದಕ್ಷಿಣ ಅಮೆರಿಕದ ಬಹುಭಾಗ ಆಗ ಸ್ಪೇನಿನ ವಸಾಹತು. ಪರದೇಶೀಯರಿಗೆ ಅಲ್ಲಿ ಸುಲಭವಾಗಿ ಪ್ರವೇಶವಿರಲಿಲ್ಲ. ಸ್ಯಾಕ್ಸನಿಯ ರಾಯಭಾರಿಯ ಮೂಲಕ ಮಂತ್ರಿ ಉರ್ಕೀಹೋನ ಪರಿಚಯವಾಗಿ, 1799ರ ಮಾರ್ಚಿನಲ್ಲಿ ದೊರೆ ನಾಲ್ಕನೆಯ ಕಾರ್ಲೋಸನ ದರ್ಶನವಾಯಿತು. ಹಂಬೋಲ್ಟ್ ಬರಿಗೈಯಲ್ಲಿ ಹೋಗಲಿಲ್ಲ. ತಾನು ಯಾರು, ಏನು ಮಾಡಬೇಕೆಂದಿದ್ದೇನೆ ಎಂಬುದನ್ನು ಬರೆದು ಒಪ್ಪಿಸಿದ. ಅಮೆರಿಕದ ಬೆಳ್ಳಿಯನ್ನೇ ನೆಚ್ಚಿದ್ದ ಅರಸೊತ್ತಿಗೆಗೆ ಗಣಿ ಬಲ್ಲವನು ಬೇಡವಾಗುತ್ತಾನೆಯೇ? ಮೇಲಾಗಿ ಖರ್ಚೆಲ್ಲ ಅವನದೇ. ಎಲ್ಲಿ ಬೇಕಾದರೂ ಓಡಾಡಲು, ಉಪಕರಣಗಳನ್ನು ಬಳಸಲು ಅನುಮತಿ ಸಿಕ್ಕಿತು. ಜೂನ್ 5ರಂದು ಹಡಗು ಹೊರಟಿತು.

ಆ ಒಂದು ಕಾಗದದ ಫಲ ಸಣ್ಣದಲ್ಲ. 1802ರ ಜೂನ್ 23ರಂದು, ಜಗತ್ತಿನ ಅತಿ ಎತ್ತರದ ಶಿಖರವೆಂದು ಆಗ ನಂಬಲಾಗಿದ್ದ ಆಂಡೀಸ್ ಪರ್ವತಗಳ ಚಿಂಬೊರಾಜೊವನ್ನು ಅವನ ತಂಡ ಹತ್ತಿತು. ಉಸಿರು ಸಿಕ್ಕಿಕೊಂಡು, ವಸಡಿನಿಂದ ರಕ್ತ ಒಸರಿದರೂ ನಿಲ್ಲಲಿಲ್ಲ. ಆಳವಾದ ಕಂದರವೊಂದು ಅಡ್ಡ ಬಂದಾಗಲೇ ಹಿಂದಿರುಗಿದ್ದು. ವಾಯುಭಾರಮಾಪಕದ ಲೆಕ್ಕದಲ್ಲಿ ಅದು ಸುಮಾರು 5,900 ಮೀಟರ್ ಎತ್ತರ. ಎತ್ತರಕ್ಕೆ ಏರಿದಂತೆ ಗಿಡಮರಗಳು ಹೇಗೆ ಬದಲಾಗುತ್ತವೆಂದು ತೋರಿಸುವ ಅವನ ಪ್ರಸಿದ್ಧ ಚಿತ್ರ ಈ ಪ್ರವಾಸದ ಕೊಡುಗೆ.

ಆಂಡೀಸ್ ಆಯಿತು, ಅದರೊಡನೆ ಹೋಲಿಸಿ ನೋಡಲು ಹಿಮಾಲಯ ಬೇಕು! ಏಷ್ಯಾ ಪ್ರವಾಸಕ್ಕಾಗಿ ಪರ್ಷಿಯನ್ ಭಾಷೆಯನ್ನೂ ಕಲಿತ. ಆದರೆ ಭಾರತದ ಬಾಗಿಲು ಈಸ್ಟ್ ಇಂಡಿಯಾ ಕಂಪನಿಯ ಕೈಯಲ್ಲಿತ್ತು. 1814ರಲ್ಲಿ ಲಂಡನ್ನಿಗೆ ಹೋದ, 1817ರಲ್ಲಿ ಹೋದ, 1818ರಲ್ಲಿ ಮತ್ತೆ ಹೋದ. ತಾಯಿಯ ಆಸ್ತಿ ಅಷ್ಟರಲ್ಲಿ ಪ್ರವಾಸಕ್ಕೂ ಪುಸ್ತಕಗಳಿಗೂ ಕರಗಿತ್ತು. ಪ್ರಷ್ಯಾದ ದೊರೆ ಹಣ ಕೊಡಲು ಒಪ್ಪಿದ. ಆದರೇನು, ದೇವರು ಕೊಟ್ಟರೂ ಪೂಜಾರಿ ಕೊಡ! ಕಂಪನಿ ಮಾತ್ರ ಅನುಮತಿ ಕೊಡಲಿಲ್ಲ.

ಕಾರಣವೇನು? ಮೆಕ್ಸಿಕೊ ಕುರಿತ ಪುಸ್ತಕದಲ್ಲಿ ಅಲ್ಲಿನ ಮೂಲನಿವಾಸಿಗಳ ಬವಣೆಯನ್ನು ಹಂಬೋಲ್ಟ್ ಮುಚ್ಚುಮರೆಯಿಲ್ಲದೆ ಬರೆದಿದ್ದ. ಸ್ಪೇನಿನ ಆಡಳಿತವನ್ನು ಹಾಗೆ ಬಯಲಿಗೆಳೆದವನು ಭಾರತವನ್ನು ನೋಡಿ ಏನು ಬರೆದಾನೋ ಎಂಬ ಭಯವೇ ಕಂಪನಿಯನ್ನು ತಡೆಯಿತೆಂದು ಇತಿಹಾಸಕಾರರು ಅನುಮಾನಿಸುತ್ತಾರೆ.

ಹಾಗೆಂದು ಅವನು ಕೈಕಟ್ಟಿ ಕೂರಲಿಲ್ಲ. ಹಿಮಾಲಯಕ್ಕೆ ಹೋಗಿಬಂದವರ ಅಳತೆಗಳನ್ನು ಕಲೆಹಾಕಿದ. ಅಲ್ಲಿ ಹಿಮರೇಖೆ ದಕ್ಷಿಣದ ಇಳಿಜಾರಿಗಿಂತ ಉತ್ತರದ ಟಿಬೆಟ್ ಕಡೆಯಲ್ಲೇ ಹೆಚ್ಚು ಎತ್ತರದಲ್ಲಿರುವುದು ಏಕೆಂದು ಚರ್ಚಿಸಿದ. 1829ರಲ್ಲಿ, ಅರವತ್ತರ ಹೊಸ್ತಿಲಲ್ಲಿ, ರಷ್ಯಾ ಸರ್ಕಾರದ ಆಹ್ವಾನದ ಮೇಲೆ ಪ್ರವಾಸ ಹೊರಟ. ಖರ್ಚು ಅವರದೇ, ಆದರೆ ಪ್ರಕೃತಿಯನ್ನಷ್ಟೇ ನೋಡಬೇಕು, ಜನರ ಸ್ಥಿತಿಗತಿಯ ಬಗ್ಗೆ ಬರೆಯಬಾರದು. ದಬ್ಬಾಳಿಕೆ ಕಂಡರೆ ಸುಮ್ಮನಿರದ ಲೇಖನಿಗೆ ಈ ಷರತ್ತು ಸಣ್ಣ ಬೆಲೆಯೇನಲ್ಲ. ಆದರೂ ಒಪ್ಪಿ, ಅಲ್ಟಾಯ್ ಪರ್ವತಗಳನ್ನು ದಾಟಿ ಚೀನಾದ ಗಡಿಯವರೆಗೆ ಹೋಗಿಬಂದ. ಹಿಮಾಲಯ ಮಾತ್ರ ದೂರದ ದಕ್ಷಿಣದಲ್ಲೇ ಉಳಿಯಿತು.

ಅಲ್ಲಿಗೆ ಹೋದವರು ಕಿರಿಯರು. 1848ರಲ್ಲಿ ಸಿಕ್ಕಿಂ ಕಡೆ ಹೊರಟ ಇಂಗ್ಲೆಂಡಿನ ಜೋಸೆಫ್ ಹೂಕರನಿಗೆ, ಏನೇನು ನೋಡಿ ಬರಬೇಕೆಂದು ಹಂಬೋಲ್ಟ್ ಪತ್ರ ಬರೆದ. 1854ರಲ್ಲಿ ಅವನ ಶಿಫಾರಸಿನ ಮೇಲೆ ಷ್ಲಾಗಿನ್‌ಟ್ವೈಟ್ ಸಹೋದರರು ಮೂವರು ಭಾರತಕ್ಕೆ ಬಂದರು. ಅವರನ್ನು ಕೆಲಸಕ್ಕೆ ತೆಗೆದುಕೊಂಡದ್ದು ಅದೇ ಕಂಪನಿ! ಅವರಲ್ಲೊಬ್ಬನಾದ ಅಡಾಲ್ಫ್ 1857ರಲ್ಲಿ ಕಾಷ್ಗರದಲ್ಲಿ ಕೊಲೆಯಾದ. ಎರಡು ವರ್ಷಗಳ ನಂತರ, 89ರ ವಯಸ್ಸಿನಲ್ಲಿ, ಹಿಮಾಲಯವನ್ನು ಕಾಣದೆಯೇ ಹಂಬೋಲ್ಟ್ ಕಣ್ಣು ಮುಚ್ಚಿದ.

ಸಂಶೋಧನೆಗೆ ಹೊರಡುವ ವಿದ್ಯಾರ್ಥಿಗಳಿಗೆ ಇಂದೂ ಅರ್ಜಿ, ಅನುಮತಿ, ಅನುದಾನಗಳ ಏರು ಮೊದಲು ಎದುರಾಗುತ್ತದೆ. 'ಇದರಿಂದ ಏನು ಪ್ರಯೋಜನ?' ಎಂದು ಮನೆಯಲ್ಲೂ ಕೇಳುತ್ತಾರೆ, ಕಚೇರಿಯಲ್ಲೂ ಕೇಳುತ್ತಾರೆ. ಮ್ಯಾಡ್ರಿಡ್‌ನಲ್ಲಿ ಹಂಬೋಲ್ಟ್ ಅದಕ್ಕೆ ಉತ್ತರ ಸಿದ್ಧಮಾಡಿಕೊಂಡೇ ಹೋಗಿದ್ದ, ಬಾಗಿಲು ತೆರೆಯಿತು. ಲಂಡನ್ನಿನಲ್ಲಿ ಯಾವ ಉತ್ತರವೂ ಸಾಲಲಿಲ್ಲ. ಆದರೆ ಅವನ ಪ್ರಶ್ನೆಗಳು ಕಿರಿಯರ ಜೋಳಿಗೆಯಲ್ಲಿ ಹಿಮಾಲಯ ಹತ್ತಿದವು. ಅವಕ್ಕೆ ಯಾರ ರಹದಾರಿಯೂ ಬೇಕಾಗಲಿಲ್ಲ.